ಮಗ್ಗದ ಮನೆಯ ಅಕ್ಕನ ಬುಗ್ಗೆ ಮೀನು

ಹೋದ ವಾರ ಹಿತ್ತಲಿಗೆ ಹೊಸ ನೀರಿನ ಪೈಪು ಹಾಕಿಸಲು ಮಣ್ಣು ತೆಗೆಸುತ್ತಿದ್ದೆವು. ಕನಕಾಂಬರದ ಪಾತಿಯ ಹತ್ತಿರ ಗುದ್ದಲಿಗೆ ಚಪ್ಪಡಿ ಕಲ್ಲೊಂದು ತಗಲಿತು. ಪಕ್ಕದ ಮಣ್ಣಿನಲ್ಲಿ ಪುಟ್ಟ ಪುಟ್ಟ ಬಸವನಹುಳುವಿನ ಚಿಪ್ಪುಗಳಿದ್ದವು. ಅಂಚು ಮುರಿದು, ಸುಣ್ಣದಂತೆ ಬೆಳ್ಳಗಾಗಿದ್ದವು. ಒಂದನ್ನು ಅಂಗೈಯಲ್ಲಿಟ್ಟುಕೊಂಡು ಸೆರಗಿನಿಂದ ಒರೆಸಿದೆ. ಹಸಿ ಮಣ್ಣಿನ ಜೊತೆ ಕೆರೆನೀರಿನ ವಾಸನೆಯೂ ಬಂದಂತಾಯಿತು. ನನಗೇ ಹಾಗನ್ನಿಸಿತೋ ಏನೋ...

"ಈ ಕಲ್ಲು ಎತ್ತಾಕ್ಬಿಡ್ಲಾ ಅಮ್ಮಾ?" ಎಂದು ಅಗೆಯುವವರು ಕೇಳಿದರು. "ಸ್ವಲ್ಪ ತಡೀರಿ" ಎಂದೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ದೊಡ್ಡಬಳ್ಳಾಪುರದ ಈ ಬೀದಿಗೆ ಬಂದೆ. ನಮ್ಮವರಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ನಾನು, ಅತ್ತೆ, ಆಮೇಲೆ ಮಗಳು. ಬೀದಿಯ ಮುಕ್ಕಾಲು ಮನೆಗಳಲ್ಲಿ ವಿದ್ಯುತ್ ಮಗ್ಗಗಳಿದ್ದವು. ಬೆಳಗಾದರೆ ಕಟ್ ಕಟ್ ಕಟ್ ಎಂದು ಶುರುವಾದ ಸದ್ದು ಕರೆಂಟು ಹೋದಾಗಲೇ ನಿಲ್ಲುತ್ತಿತ್ತು. ಎದುರುಮನೆಯೂ ಮಗ್ಗದ ಮನೆಯೇ. ಅಲ್ಲಿದ್ದ ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಸದಾ ರೇಷ್ಮೆ ನೂಲು ಸುತ್ತುತ್ತಿದ್ದಳು. ಅವಳ ಕೂದಲಲ್ಲಿ, ಹುಬ್ಬಿನಲ್ಲಿ ಬಣ್ಣ ಬಣ್ಣದ ಎಳೆಗಳು ಅಂಟಿಕೊಂಡಿರುತ್ತಿದ್ದವು. ಅದನ್ನು ನೋಡಿ ಆ ವಾರ ಅವರ ಮನೆಯಲ್ಲಿ ಯಾವ ಬಣ್ಣದ ಸೀರೆ ನೇಯುತ್ತಿದ್ದಾರೆಂದು ನಾನು ಹೇಳಬಲ್ಲವಳಾಗಿದ್ದೆ.

ಮಗ್ಗದ ಸದ್ದಿನಲ್ಲಿ ಬಾಳುವವರು ಒಂದೋ ಕೂಗಿ ಮಾತಾಡುತ್ತಾರೆ, ಇಲ್ಲವೇ ದನಿಯನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಾರೆ. ನಾನಾದರೋ ಕಾನ್ವೆಂಟಿನಲ್ಲಿ ಸಿಸ್ಟರುಗಳ ಹತ್ತಿರ ಮೆಲ್ಲಗೆ ಮಾತಾಡಲು ಕಲಿತವಳು. "ನಿನ್ ದನಿ ಇರುವೆಗೂ ಕೇಳ್ಸಲ್ಲ ಕಣೆ. ತುಟಿನಾದ್ರೂ ಸರಿಯಾಗಿ ಆಡ್ಸು, ಓದ್ಕೊಳ್ತೀನಿ" ಎನ್ನುತ್ತಿದ್ದಳು ಅಕ್ಕ. ಬೀದಿಯ ಆಚೆ ಈಚೆ ನಿಂತು ಹಾಗೆ ಮಾತಾಡಲು ನನಗೂ ರೂಢಿಯಾಯಿತು.

ಅವಳ ಗಂಡ ಒಮ್ಮೆ ಬೆಂಗಳೂರಿಗೆ ಸೀರೆ ಕೊಡಲು ಹೋದವರು ಗಾಜಿನ ತೊಟ್ಟಿ ಮತ್ತು ನಾಲ್ಕಾರು ಬಣ್ಣದ ಮೀನು ತಂದರು. ಅವುಗಳಲ್ಲಿ ಹಳದಿ ಹಸಿರು ಮೈಮೇಲೆ ಕಪ್ಪು ಚುಕ್ಕೆಗಳಿದ್ದ ಒಂದು ಗುಂಡು ಮೀನು ಉಳಿದವುಗಳ ಬಾಲವನ್ನೆಲ್ಲ ಕಚ್ಚಿ, ಕೊನೆಗೆ ತಾನೊಂದೇ ಉಳಿಯಿತು. ಹೆದರಿದರೆ ಹೊಟ್ಟೆ ತುಂಬ ನೀರು ಕುಡಿದು ಚೆಂಡಿನ ಹಾಗೆ ಊದಿಕೊಳ್ಳುತ್ತಿತ್ತು. ಬಲೂನಿಗೆ ನಮ್ಮ ಕಡೆ ಬುಗ್ಗೆ ಎನ್ನುತ್ತಾರಲ್ಲ, ಅಕ್ಕ ಅದನ್ನು ಬುಗ್ಗೆ ಎಂದೇ ಕರೆದಳು. ಒಂದೊಂದು ಕಣ್ಣನ್ನು ಒಂದೊಂದು ಕಡೆ ತಿರುಗಿಸಿ ನೋಡುತ್ತಿತ್ತು. ಅಕ್ಕ ಬಂದರೆ ಮಾತ್ರ ಎರಡೂ ಕಣ್ಣು ಅವಳ ಕಡೆಗೇ. ಅವಳು ಗಾಜಿಗೆ ಮುಖವಿಟ್ಟು ದನಿಯಿಲ್ಲದೆ ಏನೇನೋ ಹೇಳುವಳು. ಅದೂ ಬಾಯಿ ತೆರೆದು ಮುಚ್ಚಿ ಉತ್ತರ ಕೊಡುವುದು.

ತೊಂದರೆಯೆಂದರೆ ಮಗ್ಗ. ಮಗ್ಗ ಓಡಿದರೆ ಆ ಮನೆಯ ನೆಲ, ಗೋಡೆ, ತೊಟ್ಟಿಯ ನೀರು ಎಲ್ಲವೂ ನಡುಗುತ್ತಿದ್ದವು. ಮೀನು ದಿನವೂ ಊದಿಕೊಳ್ಳತೊಡಗಿತು. ಸುಸ್ತಾಗಿ ಮೂಲೆ ಹಿಡಿದು ಮಲಗುತ್ತಿತ್ತು, ತಿನ್ನುವುದನ್ನೂ ಬಿಟ್ಟಿತು. ಕರೆಂಟು ಹೋದರೆ ಮನೆಯವರೆಲ್ಲ ಗೊಣಗುತ್ತಿದ್ದರು, ಅಕ್ಕನಿಗೆ ಮಾತ್ರ ಒಳಗೊಳಗೇ ಸಮಾಧಾನ. "ಹಿಂಗೇ ಆದ್ರೆ ಉಳಿಯಲ್ಲ ಇದು" ಎಂದು ಒಂದು ದಿನ ನಮ್ಮ ಜಗಲಿಯಲ್ಲಿ ಕೂತು ಕಣ್ಣೊರೆಸಿಕೊಂಡಳು. ಮಗ್ಗವಿಲ್ಲದ ಮನೆ ನಮ್ಮದು. ತೊಟ್ಟಿ ನಮ್ಮ ನಡುಮನೆಗೆ ಬಂತು.

ಅಕ್ಕ ದಿನಾ ಮಧ್ಯಾಹ್ನ ಬರುತ್ತಿದ್ದಳು. ಆ ಮೀನಿಗೆ ಹಲ್ಲು ಬೆಳೆಯುತ್ತಲೇ ಇರುತ್ತದೆ. ಗಟ್ಟಿಯಾದದ್ದನ್ನು ಕಡಿದು ಸವೆಸದಿದ್ದರೆ ಬಾಯಿಯೇ ಕಟ್ಟಿಹೋಗುತ್ತದೆ ಎಂದು ಮಾರಿದವನು ಹೇಳಿದ್ದನಂತೆ. ಹಾಗಾಗಿ ಕೆರೆಯಂಚಿನಿಂದ ಬಸವನಹುಳುಗಳನ್ನು ಆರಿಸಿ, ಸೆರಗಿನಡಿ ಬಟ್ಟಲಿಟ್ಟುಕೊಂಡು ತರುವಳು. ನಮ್ಮದು ಮೊಟ್ಟೆಯೂ ಕಾಣದ ಮನೆ. ಕರಕ್ ಕರಕ್ ಎಂದು ಚಿಪ್ಪು ಒಡೆಯುವ ಸದ್ದು ಬಂದರೆ ಅತ್ತೆ ಹೂಬತ್ತಿ ಹೊಸೆಯುತ್ತ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. "ಏನೋ ಹಪ್ಪಳ ತಿಂತಿದೆ ಅನ್ಕೊಳ್ತೀನಿ" ಎನ್ನುತ್ತಿದ್ದರು. ಮೀನು ಚೇತರಿಸಿಕೊಂಡಿತು.

ಹೀಗಿರುವಾಗ ನಮ್ಮವರ ಜೊತೆ ಕೆಲಸ ಮಾಡುತ್ತಿದ್ದ ಕರಾವಳಿಯವರೊಬ್ಬರು ಊಟಕ್ಕೆ ಬಂದರು. ತೊಟ್ಟಿಯನ್ನು ನೋಡಿ ನಿಂತುಬಿಟ್ಟರು. "ಇದು ವಿಷ ಮಾರಾಯ್ರೆ. ನಮ್ಮಲ್ಲಿ ಇಂಥ ಮೀನು ಬಲೆಗೆ ಬಿದ್ರೆ ಬಿಸಾಡುದು. ತಿಂದ್ರೆ ತುಟಿ ಜೋಮು ಹಿಡಿದು ಜೀವ ಹೋಗ್ತದೆ." ವಿಷ ಇರುವುದು ಮೀನಿನ ಮೈಯೊಳಗೆ, ತಿನ್ನದವರಿಗೆ ಏನೂ ಇಲ್ಲ ಎಂದೂ ಹೇಳಿದರು. ಅತ್ತೆಗೆ ಕೇಳಿಸಿದ್ದು ಮೊದಲನೆಯ ಮಾತು ಮಾತ್ರ.

"ಮಗು ಅಂಬೆಗಾಲಿಡೋ ಮನೇಲಿ ವಿಷ ಇಟ್ಕೊಂಡು ಕೂತಿದೀವಲ್ಲೇ. ಭಾನುವಾರ ವಾಪಸ್ ಕಳ್ಸು" ಎಂದರು ನನಗೆ. ವಿಷಯ ತಿಳಿದು ಅಕ್ಕ ಓಡಿಬಂದಳು. "ನಿಮ್ಮನೇಲಿ ಮೀನು ತಿನ್ನೋರ್ಯಾರಮ್ಮಾ? ಬೆಳ್ಳುಳ್ಳಿನೇ ಯೋಚ್ನೆ ಮಾಡಿ ಹಾಕ್ತೀರಾ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ನಂಗೆ ಕಿವಿ ಚೆನ್ನಾಗಿದೆ, ಮೆತ್ತಗೆ ಮಾತಾಡು" ಎಂದರು ಅತ್ತೆ. ಮಾತು ಅಲ್ಲಿಗೆ ಮುಗಿಯಿತು. ಮಗ್ಗದ ಮನೆಗೆ ಹಿಂತಿರುಗಿದರೆ ಮೀನು ಹೆಚ್ಚು ದಿನ ಉಳಿಯುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಕ್ಕ ತುಟಿಯಲ್ಲಷ್ಟೇ "ಹೋಗ್ಲಿ ಬಿಡು" ಎಂದಳು.

ಭಾನುವಾರ ಬಂತು. ಅತ್ತೆಗೆ ಒಂದು ನೇಮವಿತ್ತು... ಮನೆಯಲ್ಲಿ ನಾಲ್ಕು ದಿನ ಉಂಡ ಯಾವ ಜೀವವನ್ನೂ ಹಾಗೇ ಹೊರಗೆ ಕಳಿಸುತ್ತಿರಲಿಲ್ಲ. ಮಾರಿದ ಹಸುವಿಗೂ ಆರತಿ ಎತ್ತಿದ್ದವರು. ಈ ಮೀನಿಗೂ ತಟ್ಟೆಯಲ್ಲಿ ಕೆಂಪು ನೀರು ಕಲಸಿ, ಬತ್ತಿ ಹಚ್ಚಿ, ಗಂಟೆ ಬಾರಿಸುತ್ತ ಗಾಜಿನ ಮುಂದೆ ಬಂದರು. ಊಟ ಬಂತೆಂದು ಮೀನು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದಿತ್ತು. ಉರಿ ಮುಖದ ಹತ್ತಿರ ಸುಳಿದದ್ದೇ ತಡ, ನೀರಿನ ಬದಲು ಗಾಳಿ ನುಂಗಿ ಊದಿಕೊಂಡಿತು. ಹೊಟ್ಟೆ ಮೇಲಾಗಿ, ಬೆಳ್ಳಗೆ, ಸಣ್ಣ ಮುಳ್ಳುಗಳೆದ್ದು ತೇಲತೊಡಗಿತು. ಕೆಳಗಿಳಿಯಲಾರದೆ ಪುಟ್ಟ ರೆಕ್ಕೆ ಬಡಿಯುತ್ತಿತ್ತು. ನೀರು ಕುಡಿದು ಊದಿದರೆ ತಾನೇ ಉಗುಳುತ್ತಿತ್ತು. ಗಾಳಿ ಹೊರಗೆ ಹೋಗಲೇ ಇಲ್ಲ.

ಅತ್ತೆಯ ಕೈಯ ಗಂಟೆ ನಿಂತಿತು. "ಲೇ, ಅವಳನ್ನ ಕರಿಯೇ" ಎಂದರು. ನಾನು ಬಾಗಿಲಲ್ಲಿ ನಿಂತು ತುಟಿಯಾಡಿಸಿದೆ. ನೂಲು ಸುತ್ತುತ್ತಿದ್ದ ಅಕ್ಕ ಹಾಗೇ ಎದ್ದು ಬಂದು ಬರಿಗೈಯನ್ನು ನೀರಿಗಿಳಿಸಿದಳು. ಮೀನನ್ನು ಬೊಗಸೆಯಲ್ಲಿ ಹಿಡಿದಳಷ್ಟೆ, ಮುಂದೇನೆಂದು ಅವಳಿಗೂ ತಿಳಿಯಲಿಲ್ಲ.

ಅತ್ತೆ ತಟ್ಟೆಯನ್ನು ಕೆಳಗಿಟ್ಟರು. "ಹಾಲು ಕುಡ್ದ ಮಗು ಗಾಳಿ ನುಂಗಿದ್ರೆ ಏನ್ ಮಾಡ್ತೀಯೇ? ನೀರೊಳಗೇ ಇಟ್ಕೊಂಡು ತಲೆ ಮೇಲ್ಮಾಡಿ ಹಿಡ್ಕೊ. ತೇಗು ಬರ್ಲಿ. ಮೆತ್ತಗೆ... ಅದುಮ್ಬೇಡ."

ಅಕ್ಕ ಹಾಗೇ ಹಿಡಿದಳು. ನಾವು ಮೂವರೂ ಅದರ ಬಾಯಿಯನ್ನೇ ನೋಡುತ್ತಿದ್ದೆವು. ಎಷ್ಟೋ ಹೊತ್ತಿನ ಮೇಲೆ ಬಾಯಿಂದ ಒಂದು ಗುಳ್ಳೆ ಬಂತು. ಆಮೇಲೆ ಇನ್ನೊಂದು. ಆಮೇಲೆ ಸಾಲಾಗಿ. ಬುಗ್ಗೆ ಮೀನಾಯಿತು. ಅಕ್ಕನ ಬೆರಳ ಸಂದಿಯಿಂದ ಜಾರಿ, ತೊಟ್ಟಿಯೊಳಗಿದ್ದ ಕಲ್ಲಿನ ಹಿಂದೆ ಹೋಗಿ ಒಂದು ಕಣ್ಣಿನಿಂದ ನಮ್ಮನ್ನು ನೋಡಿತು.

"ನಾಳೆ ನಿಮ್ಮನೇಲಿ ಮಗ್ಗ ಓಡುತ್ತಾ?" ಅತ್ತೆ ಕೇಳಿದರು.

"ಓಡ್ದೆ ಏನಮ್ಮಾ."

"ಹಂಗಾದ್ರೆ ಇಲ್ಲೇ ಇರ್ಲಿ ಬಿಡು. ಅದ್ರ ನೀರು ಕರಿಬೇವಿಗೆ ಮಾತ್ರ ಹಾಕ್ಬೇಡಿ, ಹೇಳಿದೀನಿ."

ಅಂದಿನಿಂದ ತೊಟ್ಟಿಯ ನೀರು, ಚಿಪ್ಪಿನ ಚೂರು ಎಲ್ಲ ಕನಕಾಂಬರದ ಪಾತಿಗೆ. ಇನ್ನೂ ಕೆಲವು ವರ್ಷ ಮೀನು ನಮ್ಮಲ್ಲೇ ಇತ್ತು. ವಯಸ್ಸಾಗಿ ಸತ್ತಾಗ ನಾಯಿ, ಕಾಗೆ ಎಳೆದು ತಿಂದು ಸಾಯಬಾರದೆಂದು ಅಕ್ಕ ಆ ಪಾತಿಯಲ್ಲೇ ಆಳವಾಗಿ ಗುಂಡಿ ತೆಗೆದು, ಮೇಲೊಂದು ಚಪ್ಪಡಿ ಎಳೆದಳು. ಅತ್ತೆ ಎರಡು ಹೂವು ಹಾಕಿದರು.

ಅಷ್ಟರಲ್ಲಿ ಅಕ್ಕನ ಕಿವಿ ಮಂದವಾಗತೊಡಗಿತ್ತು. ಆಮೇಲೆ ಅವರು ಮಗ್ಗ ಮಾರಿ ನೆಲಮಂಗಲದ ಕಡೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ಮನೆಯವರು ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗುತ್ತಿದ್ದರು, ಅವಳು ಸುಮ್ಮನೆ ತಲೆಯಾಡಿಸುತ್ತಿದ್ದಳು. ನಾನು ಎದುರಿಗೆ ಕೂತು ದನಿಯಿಲ್ಲದೆ ತುಟಿಯಾಡಿಸಿದೆ. ಮುಖವೆಲ್ಲ ಅರಳಿತು. ಸಂಜೆಯವರೆಗೂ ಹಾಗೇ ಮಾತಾಡಿದೆವು... ಕೂದಲಲ್ಲಿ ನೂಲಿನ ಎಳೆ ಒಂದೂ ಇರಲಿಲ್ಲ. ಅದೇ ಕೊನೆ. ಹೋದಳೆಂಬ ಸುದ್ದಿ ನನಗೆ ತಿಥಿಯೆಲ್ಲ ಮುಗಿದ ಮೇಲೆ ತಲುಪಿತು.

"ಕಲ್ಲು ಅಲ್ಲೇ ಇರ್ಲಿ, ಪೈಪು ಸುತ್ತಿಸಿ ತಗೊಂಡ್ಹೋಗಿ" ಎಂದೆ ಅಗೆಯುವವರಿಗೆ.

"ಏನಮ್ಮಾ, ಕೆಳಗೆ ನಿಧಿ ಇದ್ಯಾ?"

"ಇಲ್ಲಪ್ಪ, ವಿಷ." ಅವರು ನಕ್ಕರು.

ಈಗ ನಮ್ಮ ಪೈಪು ಕನಕಾಂಬರದ ಹತ್ತಿರ ಒಂದು ಸುತ್ತು ಬಳಸಿ ಹೋಗುತ್ತದೆ. ಅವರು ಹೋದ ಮೇಲೆ ಚಿಪ್ಪನ್ನು ಮತ್ತೆ ಮಣ್ಣಿಗೆ ಹಾಕಿ, ಮುಂಬಾಗಿಲಿಗೆ ಬಂದೆ. ಎದುರುಮನೆಯ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ. ಬೀದಿಯಲ್ಲಿ ಮಗ್ಗದ ಸದ್ದು ದೂರದಲ್ಲೆಲ್ಲೋ ಒಂದೆರಡು. "ಇಲ್ಲೇ ಇದೆ ಅಕ್ಕ, ಅಲ್ಲಾಡಿಸ್ಲಿಲ್ಲ" ಎಂದೆ, ತುಟಿಯಲ್ಲಿ ಮಾತ್ರ. ಓದಿಕೊಳ್ಳುವವರು ಆಚೆ ಬಾಗಿಲಲ್ಲಿ ಯಾರೂ ಇರಲಿಲ್ಲ.