ದೋಣಿಯ ಮರೆಯಲ್ಲಿ ತಟ್ಟೆ ಇಡುವ ಸೋಮವ್ವ

ಬೆಳಿಗ್ಗೆ ಐದೂಮುಕ್ಕಾಲು. ಕಾಪುವಿನ ದೀಪಸ್ತಂಭದ ಬಂಡೆ ಇನ್ನೂ ಕಪ್ಪಾಗಿಯೇ ಕಾಣುವ ಹೊತ್ತು. ಮರಳಿನ ಮೇಲೆ ಎಳೆದು ನಿಲ್ಲಿಸಿದ ನಾಡದೋಣಿಗಳ ನಡುವೆ ಸೋಮವ್ವ ನಡೆದು ಬರುತ್ತಾರೆ. ಎರಡು ಕೈಯಲ್ಲಿ ಎರಡು ಬಕೆಟ್ಟು, ಕಂಕುಳಲ್ಲಿ ಹಾಳೆತಟ್ಟೆಗಳ ಕಟ್ಟು, ಹೆಗಲ ಮೇಲೊಂದು ಗೋಣಿಚೀಲ. ಬಕೆಟ್ಟಿನಲ್ಲಿ ನುಚ್ಚಿನ ಜೊತೆ ಬೇಯಿಸಿದ ಮೀನಿನ ತಲೆ, ಬಾಲ. ಇಷ್ಟು ಘಮ ಹೊತ್ತು ಬರುವವರ ಹಿಂದೆ ನಾಯಿಗಳ ಮೆರವಣಿಗೆಯೇ ಇರಬೇಕು ಎಂದು ಯಾರಾದರೂ ಎಣಿಸಿದರೆ ತಪ್ಪಾಯಿತು. ಒಂದು ನಾಯಿಯೂ ಹಿಂದೆ ಬರುವುದಿಲ್ಲ. ಮೂವತ್ತೊಂದು ನಾಯಿಗಳು ಎರಡು ಮೂರರ ಗುಂಪಾಗಿ ತಂತಮ್ಮ ದೋಣಿಯ ಪಕ್ಕದಲ್ಲಿ ಕುಳಿತು ಕಾಯುತ್ತವೆ, ರೇಶನ್ ಅಂಗಡಿಯ ಮುಂದೆ ಟೋಕನ್ ಹಿಡಿದವರ ಹಾಗೆ.

ಸೋಮವ್ವ ತಟ್ಟೆ ಇಡುವುದಕ್ಕೆ ಒಂದು ಕ್ರಮ ಉಂಟು. ಒಂದು ದೋಣಿಯ ಬಲಗಡೆ ಒಂದು ತಟ್ಟೆ ಇಟ್ಟರೆ ಮುಂದಿನದು ಅದೇ ದೋಣಿಯ ಎಡಗಡೆಗೆ. ನಡುವೆ ದೋಣಿಯ ಹೊಟ್ಟೆ ಅಡ್ಡ. ತಿನ್ನುವಾಗ ಒಂದರ ಕಣ್ಣು ಇನ್ನೊಂದರ ತಟ್ಟೆಯ ಮೇಲೆ ಬೀಳಬಾರದು, ಅಷ್ಟೇ. ದೋಣಿಗಳು ಕಡಲಿಗಿಳಿದ ದಿನ ಮಾತ್ರ ಕೆಲಸ ಹೆಚ್ಚು. ಆಗ ಎರಡು ಕೋಲು ನೆಟ್ಟು ನಡುವೆ ಗೋಣಿಚೀಲ ಬಿಡಿಸಿ ಕಟ್ಟುತ್ತಾರೆ. ಒಟ್ಟು ಹದಿನೈದು ಜಾಗ, ಇಪ್ಪತ್ತೈದು ನಿಮಿಷ. ಆರೂಕಾಲಿಗೆ ತಟ್ಟೆ ಎತ್ತಿಟ್ಟು ಪೊರಕೆ ಹಿಡಿಯಬೇಕು, ಏಕೆಂದರೆ ಅದು ಅವರ ಸಂಬಳದ ಕೆಲಸ. ಮೀನು ಮಾರುಕಟ್ಟೆ ಮತ್ತು ಕಡಲದಾರಿಯನ್ನು ಗುಡಿಸುವ ಪೌರಕಾರ್ಮಿಕೆ ಅವರು. ನಾಯಿಗಳದ್ದು ಯಾರೂ ಹೇಳದೆ ಹೊತ್ತುಕೊಂಡದ್ದು.

“ನಾಯಿ ಕಾದ್ಯಾಡೂದು ಬರೇ ಹೊಟ್ಟಿಗಲ್ರಿ, ಜಾಗಕ್ಕ,” ಎನ್ನುತ್ತಾರೆ ಸೋಮವ್ವ. “ತನ್ನ ಜಾಗ ತನಗ ಐತಿ ಅಂತ ಗೊತ್ತಾದ್ರ ಅದೂ ಸುಮ್ನಿರತೈತಿ.”

ಗದಗ ಜಿಲ್ಲೆಯ ರೋಣದ ಕಡೆಯವರು ಸೋಮವ್ವ. ಗಂಡ ರೇವಪ್ಪನ ಜೊತೆ ಗಾರೆ ಕೆಲಸಕ್ಕೆಂದು ಕರಾವಳಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಪೊರಕೆ ಹಿಡಿದು ಹದಿನಾಲ್ಕು. ತುಳು ಪೂರ್ತಿ ಅರ್ಥವಾಗುತ್ತದೆ, ಆಡಲು ಹೋದರೆ ರೋಣದ ರಾಗ ಬಂದುಬಿಡುತ್ತದೆ. ರೇವಪ್ಪ ಈಗ ಪಡುಬಿದ್ರಿಯ ಒಂದು ವಸತಿ ಸಮುಚ್ಚಯದಲ್ಲಿ ಕಾವಲುಗಾರ. ಊರ ನಾಯಿಗಳ ಜಗಳಕ್ಕೆಲ್ಲ ಇವಳು ನ್ಯಾಯ ಹೇಳುತ್ತಾಳೆ, ಮನೆಯ ಜಗಳಕ್ಕೆ ಮಾತ್ರ ಇವಳೇ ಕಾರಣ ಎಂದು ಅವರು ತಮಾಷೆ ಮಾಡುತ್ತಾರೆ.

ಈ ವಿದ್ಯೆ ಅವರಿಗೆ ಸುಮ್ಮನೆ ಬಂದದ್ದಲ್ಲ. ಮೊದಲ ವರ್ಷ ಮಾರುಕಟ್ಟೆಯ ಹಿಂದೆ ಒಂದು ಕುಂಟು ನಾಯಿಮರಿ ಇತ್ತು. ನೋಡಿದವರ ಕರುಳು ಚುರ್ ಎನ್ನುವಂಥದ್ದು. ಸೋಮವ್ವ ದಿನಾ ಅದಕ್ಕೇ ಮೊದಲು ಹಾಕಿದರು. ಅಲ್ಲಿನ ದೊಡ್ಡ ಗಂಡುನಾಯಿ ಗುರುಗುಟ್ಟಿದರೆ ಪೊರಕೆ ಎತ್ತಿ ಓಡಿಸಿದರು. ಬಡವರ ಪರ ನಿಂತೆ ಎಂಬ ಸಮಾಧಾನ ಅವರಿಗೆ. ಹೀಗೆ ಮೂರು ವಾರ ನಡೆಯಿತು. ಒಂದು ಭಾನುವಾರ ರಜೆ ಮುಗಿಸಿ ಸೋಮವಾರ ಬಂದಾಗ ಮರಿ ಮಂಜುಗಡ್ಡೆ ಪೆಟ್ಟಿಗೆಗಳ ಹಿಂದೆ ಸತ್ತು ಬಿದ್ದಿತ್ತು. ಪೊರಕೆ ಇಲ್ಲದ ದಿನ ನೋಡಿ ದೊಡ್ಡದು ತನ್ನ ಲೆಕ್ಕ ತೀರಿಸಿತ್ತು.

“ನಾ ಪಾಪ ಅಂದಿದ್ದಕ್ಕ ಅದು ಸತ್ತೋತ್ರಿ,” ಎಂದು ಹೇಳುವಾಗ ಈಗಲೂ ಅವರ ಕಣ್ಣು ತುಂಬುತ್ತದೆ. “ನಾ ಒಂದು ತಾಸು ಇರಾಕಿ. ಅವು ಇಪ್ಪತ್ನಾಕು ತಾಸು ಕೂಡಿ ಇರೂವು. ಅದು ನನಗ ತಿಳೀಲಿಲ್ಲ.”

ಆಗ ಅವರಿಗೆ ನೆನಪಾದದ್ದು ಕುರಿ ಕಾಯುತ್ತಿದ್ದ ಅಪ್ಪ. ಹಟ್ಟಿಯಲ್ಲಿ ನಾಲ್ಕು ನಾಯಿಗಳಿದ್ದವು. ಅಪ್ಪ ಯಾವಾಗಲೂ ಹಳೆಯ ನಾಯಿಗೆ ಮೊದಲು ಮುದ್ದೆ ಹಾಕುತ್ತಿದ್ದ. ಹೊಸದಕ್ಕೆ ಕೊಡುವುದಾದರೆ ಕೋಲಿನ ಮೇಲೆ ಕಂಬಳಿ ಹರವಿ ಅದರ ಆಚೆ ಕೊಡುತ್ತಿದ್ದ. ಹುಡುಗಿಯಾಗಿದ್ದಾಗ ನೂರು ಸಲ ನೋಡಿದ್ದನ್ನು ಕಡಲ ದಂಡೆಗೆ ಬರುವಷ್ಟರಲ್ಲಿ ಮರೆತಿದ್ದರು. ಕಂಬಳಿಯ ಜಾಗಕ್ಕೆ ದೋಣಿ ಬಂದದ್ದು ಹಾಗೆ.

ಈಗ ಅವರ ಕಣ್ಣು ಬಹಳ ಚುರುಕು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಅವರು ಪೂರ್ತಿ ನಂಬುವುದಿಲ್ಲ, ಆದರೆ ಬೊಗಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದರೆ ಎಚ್ಚರವಾಗುತ್ತಾರೆ. ಬಾಲ ಕೋಲಿನ ಹಾಗೆ ಸೆಟೆದು ನೋಟ ಒಂದೇ ಕಡೆ ನಟ್ಟಿತೆಂದರೆ ನಡುವೆ ಗೋಣಿಚೀಲ ಬಿಡಿಸಿ ಹಿಡಿದು ಅಡ್ಡ ನಡೆದುಬಿಡುತ್ತಾರೆ. ಕೂಗುವುದಿಲ್ಲ, ಹೊಡೆಯುವುದಿಲ್ಲ. ಕಚ್ಚಾಟ ಶುರುವಾಗಿಯೇ ಹೋದರೆ ಬಕೆಟ್ಟಿನ ನೀರು, ಇಲ್ಲವೇ ತಗಡಿನ ಮುಚ್ಚಳದ ಸದ್ದು. ಕೈ ಮಾತ್ರ ಹಾಕುವುದಿಲ್ಲ. ಮಣಿಪಾಲದ ವಿದ್ಯಾರ್ಥಿನಿಯರು, ಹಿರಿಯಡ್ಕದ ಒಂದು ಕೋಳಿ ಅಂಗಡಿಯವರು, ಕಾರ್ಕಳದ ಒಂದು ಮನೆಯವರು ಇವರ ಸಲಹೆ ಕೇಳಿದ್ದಾರೆ. ಮಣಿಪಾಲದ ಹುಡುಗಿಯರಿಗೆ ಹೇಳಿದ್ದು ಇಷ್ಟೇ: ನಾಯಿಯನ್ನು ತಿರುಗಾಡಿಸುವಾಗ ಎದುರಿನಿಂದ ಇನ್ನೊಂದು ನಾಯಿ ಬಂದರೆ ಹಗ್ಗ ಬಿಗಿಯಬೇಡಿ, ನೇರ ಹೋಗಬೇಡಿ, ಸುತ್ತು ಹಾಕಿಕೊಂಡು ದಾಟಿ.

ಕಡಲ ದಂಡೆಗೆ ಒಂದು ಶಾಪ ಉಂಟು. ಮನೆಯಲ್ಲಿ ಬೇಡವಾದ ನಾಯಿಯನ್ನು ಜನ ಇಲ್ಲಿ ತಂದು ಬಿಡುತ್ತಾರೆ. ಮೀನಿರುವ ಜಾಗ, ಹೊಟ್ಟೆಗೆ ತೊಂದರೆಯಿಲ್ಲ ಎಂಬುದು ಅವರ ಎಣಿಕೆ. ಕ್ರೌರ್ಯಕ್ಕೆ ಹೀಗೆ ಮಾಡುವವರು ಕಡಿಮೆ, ಒಳ್ಳೆಯದೆಂದು ನಂಬಿಯೇ ಮಾಡುತ್ತಾರೆ. ಆದರೆ ಮೀನಿರುವಲ್ಲಿ ಮೀನಿನ ಒಡೆಯರೂ ಇದ್ದಾರೆ. ಸೋಫಾದ ಮೇಲೆ ಮಲಗಿ ಬೆಳೆದ ನಾಯಿ ಆ ಮೂವತ್ತೊಂದರ ನಡುವೆ ಒಂದು ದಿನವೂ ಬಾಳುವುದಿಲ್ಲ. ಹೋದ ವರ್ಷ ಹಾಗೆ ಬಂದ ಏಳರಲ್ಲಿ ಉಳಿದದ್ದು ಎರಡು.

ಈ ವರ್ಷ ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಿಳಿ ಕಾರೊಂದು ಬಂದು ನಿಂತಿತು. ಇಳಿದವರು ಎಲ್ಲೂರಿನ ವಿಠಲ. ಹದಿನೆಂಟು ವರ್ಷ ಕೊಲ್ಲಿಯಲ್ಲಿ ದುಡಿದು ಊರಿಗೆ ಮರಳಿದವರು. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಜೂಲಿ ಎಂಬ ಎರಡು ವರ್ಷದ ಹೆಣ್ಣುನಾಯಿಯ ಹಗ್ಗ. ಕಾರಿನೊಳಗೆ ಹೆಂಡತಿ ಮನೋರಮಾ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಮನೆಯಲ್ಲಿ ಇನ್ನೊಂದು ಹೆಣ್ಣುನಾಯಿ, ಏಳು ವರ್ಷದ ಬೊಳ್ಳಿ ಇದೆ. ಎರಡಕ್ಕೂ ಎಣ್ಣೆ ಸೀಗೆಕಾಯಿ. ಬಿಡಿಸಲು ಕೈ ಹಾಕಿದ ವಿಠಲರಿಗೆ ಹನ್ನೊಂದು ಹೊಲಿಗೆ ಬಿದ್ದಿತ್ತು. ಇದೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಮಗಳು ಪ್ರಣೀತಾಗೆ ಮಣಿಪಾಲದಲ್ಲಿ ಹೆರಿಗೆ ಆಗುವುದಿತ್ತು. ಇನ್ನು ಮೂರು ವಾರದಲ್ಲಿ ಹಸುಗೂಸು ಮನೆಗೆ ಬರುತ್ತದೆ, ಅಷ್ಟರಲ್ಲಿ ಎರಡರಲ್ಲಿ ಒಂದು ನಾಯಿ ಮನೆ ಬಿಡಲೇಬೇಕು ಎಂದು ವಿಠಲ ತೀರ್ಮಾನಿಸಿದ್ದರು. ಅವರದ್ದು ತಪ್ಪೆಂದು ಯಾರು ಹೇಳಲಿಕ್ಕಾಗುತ್ತದೆ?

ಸೋಮವ್ವ ಬೈಯಲಿಲ್ಲ. ದೋಣಿಗಳ ಪಕ್ಕ ಎದ್ದು ನಿಂತು ಜೂಲಿಯನ್ನೇ ನೋಡುತ್ತಿದ್ದ ನಾಯಿಗಳನ್ನು ಬೆರಳು ಮಾಡಿ ತೋರಿಸಿದರು. “ಅಣ್ಣಾರ, ಬಿಡೂದಾದ್ರ ಬಿಡ್ರಿ. ಆದ್ರ ಹತ್ತು ನಿಮಿಷ ಇಲ್ಲೇ ನಿಂತು ನೋಡ್ಕೊಂಡು ಹೋಗ್ರಿ,” ಎಂದರು. ವಿಠಲ ನಾಯಿಯನ್ನು ಬಿಡಲಿಲ್ಲ, ಹಗ್ಗ ಹಿಡಿದು ಕಾರಿನ ಕಡೆ ತಿರುಗಿದರು. ಆ ಮೂರು ವಾರವನ್ನು ತನಗೆ ಕೊಡಿ ಎಂದು ಸೋಮವ್ವ ಕೇಳಿದರು. ಆಗದಿದ್ದರೆ ಜೂಲಿಗೆ ಬೇರೆ ಮನೆಯನ್ನು ತಾವೇ ಹುಡುಕುವುದೆಂದು ಮಾತು ಕೊಟ್ಟರು.

ಮಧ್ಯಾಹ್ನ ಕೆಲಸ ಮುಗಿಸಿ ಬಸ್ಸು ಹಿಡಿದು, ಇಳಿದು, ನಡೆದು ಅವರು ಎಲ್ಲೂರು ಮುಟ್ಟುತ್ತಿದ್ದರು. ಮೊದಲ ಎರಡು ದಿನ ಒಂದನ್ನೂ ಮುಟ್ಟಲಿಲ್ಲ. ಎರಡು ನಾಯಿಗಳನ್ನೂ ಎರಡು ಕಡೆ ಕಟ್ಟಿಸಿ, ಹಿಂದೆ ಆದ ಜಗಳಗಳನ್ನೆಲ್ಲ ಕೇಳಿಕೊಳ್ಳುತ್ತ ಜಗಲಿಯಲ್ಲಿ ಕುಳಿತು ನೋಡಿದರು. ಏನು ಚಿಕಿತ್ಸೆ ಮಾಡುತ್ತಾರೋ ಎಂದು ಕಾದಿದ್ದ ಮನೋರಮಾಗೆ ನಿರಾಸೆಯೇ ಆಯಿತು. ಮೂರನೆಯ ದಿನ ಸೋಮವ್ವ ಬಾಯಿ ಬಿಟ್ಟರು. ಈ ಮನೆಯಲ್ಲಿ ಜಗಳ ಮೂರು ಹೊತ್ತಿಗೆ, ಮೂರು ಜಾಗದಲ್ಲಿ ಮಾತ್ರ. ಮನೋರಮಾ ಬಾವಿಕಟ್ಟೆಯ ಬಳಿ ಮೀನು ಕೊಯ್ಯುತ್ತ ತಲೆಗಳನ್ನು ಅಂಗಳಕ್ಕೆ ಎಸೆಯುವಾಗ. ಕಾರು ಬಂದು ಎರಡೂ ಒಟ್ಟಿಗೆ ಗೇಟಿಗೆ ಓಡುವಾಗ. ಅಡುಗೆಮನೆಯ ಹಿಂದಿನ ಇಕ್ಕಟ್ಟಿನ ದಾರಿಯಲ್ಲಿ ಎದುರುಬದುರಾದಾಗ. ಜೊತೆಗೆ ಇನ್ನೊಂದು ಉಂಟು. ಏನೇ ಕೊಟ್ಟರೂ ಮನೋರಮಾ ಬೊಳ್ಳಿಯ ಎದುರಲ್ಲೇ ಜೂಲಿಗೆ ಮೊದಲು ಕೊಡುತ್ತಾರೆ, ಬೊಳ್ಳಿ ಹಲ್ಲು ತೋರಿಸಿದರೆ ಬೊಳ್ಳಿಗೇ ಬೈಯುತ್ತಾರೆ.

“ಸಣ್ಣದಕ್ಕೆ ಮೊದಲು ಕೊಡುವುದಲ್ವಾ?” ಎಂದು ಮನೋರಮಾ ಕೇಳಿದರು. “ನನ್ನ ಮಕ್ಕಳಿಗೂ ನಾನು ಹಾಗೆಯೇ ಮಾಡಿದ್ದು.”

“ಮಕ್ಳಿಗೆ ಬಾಯಿ ಇರತೈತ್ರಿ ಅಕ್ಕಾರ, ಬಿಡಿಸಿ ಹೇಳಬಹುದು. ಇವಕ್ಕ ಹೆಂಗ ಹೇಳ್ತೀರಿ?” ಎಂದರು ಸೋಮವ್ವ. ನಂತರ ಆ ಕುಂಟು ಮರಿಯ ಕತೆಯನ್ನು ಹೇಳಿದರು.

ಅಂದಿನಿಂದ ಮನೆಯ ನಡವಳಿಕೆಯೇ ಬದಲಾಯಿತು. ಮೀನು ಕೊಯ್ಯುವ ಮುಂಚೆ ಜೂಲಿ ಸೌದೆಕೊಟ್ಟಿಗೆಯೊಳಗೆ, ಬೊಳ್ಳಿ ಹಿಂದಿನ ಕೋಣೆಯೊಳಗೆ. ತಲೆಗಳನ್ನು ಬೇಯಿಸಿ ಬೇರೆ ಬೇರೆ ಪಾತ್ರೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ. ಕಾರಿನ ಸದ್ದು ಕೇಳಿದೊಡನೆ ಒಂದನ್ನು ಹೆಸರು ಹಿಡಿದು ಒಳಗೆ ಕರೆಯುವುದು. ಇಕ್ಕಟ್ಟಿನ ದಾರಿಗೆ ಅರ್ಧಬಾಗಿಲು. ಬಾಣಂತಿಯ ಕೋಣೆಯಿರುವ ಕಡೆಗೆ ಇನ್ನೊಂದು ಅರ್ಧಬಾಗಿಲು, ಅದರಾಚೆ ಎರಡಕ್ಕೂ ಪ್ರವೇಶವಿಲ್ಲ. ಅಂಗಳಕ್ಕೆ ಬಿಡುವಾಗ ಒಂದನ್ನು ಮಾತ್ರ ಬಿಡುವುದು, ಅದು ಒಳಗೆ ಬಂದ ಮೇಲೆ ಇನ್ನೊಂದು. ಬಡಗಿ ಗಣಪ ಎರಡು ಬಾಗಿಲು ಮಾಡಿಕೊಟ್ಟು, ನಾಯಿಗಳಿಗೆ ಇಷ್ಟು ವ್ಯವಸ್ಥೆಯಾ ಎಂದು ನಕ್ಕು ಹೋದನಂತೆ.

ಹದಿಮೂರನೆಯ ದಿನ ಎಲ್ಲ ಮಣ್ಣುಪಾಲಾಗುವುದರಲ್ಲಿತ್ತು. ಕಾರ್ಕಳದಿಂದ ಬಂದ ಅಳಿಯ ಜಿತೇಶ್ ಊಟ ಮುಗಿಸಿ, ಹಳೆಯ ಅಭ್ಯಾಸದಂತೆ ಎಲೆಯಲ್ಲಿದ್ದ ಕೋಳಿಯ ಮೂಳೆಗಳನ್ನು ಅಂಗಳಕ್ಕೆ ಕೊಡವಿದರು. ಅರ್ಧಬಾಗಿಲಿನ ಚಿಲಕ ಹಾಕಿರಲಿಲ್ಲ. ಎರಡೂ ಒಟ್ಟಿಗೆ ಹಾರಿದವು. ಜಿತೇಶ್ ಕೈ ಹಾಕಲು ಹೋದಾಗ ಮನೋರಮಾ ಅವರನ್ನು ಹಿಂದಕ್ಕೆ ತಳ್ಳಿ, ಬಾವಿಕಟ್ಟೆಯ ಕೊಡಪಾನದ ನೀರನ್ನು ಎರಡರ ಮುಖಕ್ಕೂ ಎರಚಿ, ಬೊಳ್ಳಿಯ ಮೇಲೆ ಗೋಣಿಚೀಲ ಎಸೆದರು. ಜೂಲಿಯ ಕಿವಿ ಹರಿಯಿತು, ಮನುಷ್ಯರಿಗೆ ಏನೂ ಆಗಲಿಲ್ಲ. ಆದರೂ ಆ ಸಂಜೆ ವಿಠಲ ಕಾರಿನ ಕೀಲಿ ಕೈಗೆತ್ತಿಕೊಂಡರು.

ಅಂದು ಅವರನ್ನು ತಡೆದದ್ದು ಸೋಮವ್ವ ಅಲ್ಲ, ಮನೋರಮಾ. ಹನ್ನೆರಡು ದಿನ ಜಗಳವಾಗಲಿಲ್ಲ, ಹದಿಮೂರನೆಯ ದಿನ ಆದದ್ದು ನಾಯಿಯ ತಪ್ಪಲ್ಲ, ಚಿಲಕ ಹಾಕದ ನಮ್ಮ ತಪ್ಪು ಎಂದು ಅವರು ಗಂಡನಿಗೆ ಹೇಳಿದರಂತೆ. ಮರುದಿನದಿಂದ ಆ ಚಿಲಕದ ಉಸ್ತುವಾರಿಯನ್ನು ವಿಠಲ ತಾವೇ ವಹಿಸಿಕೊಂಡರು.

ಜೂಲಿ, ಬೊಳ್ಳಿ ಈಗ ಸ್ನೇಹಿತೆಯರಾಗಿದ್ದಾರೆಂದು ಬರೆದರೆ ಓದಲು ಚೆಂದ, ಆದರೆ ಸುಳ್ಳಾಗುತ್ತದೆ. ಒಂದು ಅಂಗಳದಲ್ಲಿ ಆಡುವಾಗ ಇನ್ನೊಂದು ಬಾಗಿಲಿನ ಹಿಂದೆ ಮಲಗಿರುತ್ತದೆ. ಪಾಳಿ ಬದಲಾಗುತ್ತದೆ, ಅಷ್ಟೇ. ಸೋಮವ್ವನಿಗೂ ಅದಕ್ಕಿಂತ ಹೆಚ್ಚಿನ ಆಸೆಯಿಲ್ಲ. “ಪ್ರೀತಿ ಹುಟ್ಟಸಾಕ ನನ್ನ ಕಡಿಂದ ಆಗೂದಿಲ್ರಿ. ಮನಷ್ಯಾರಿಗೇ ಆಗೂದಿಲ್ಲ. ಒಂದ ಸೂರಿನ ಕೆಳಗ ಜಗಳ ಇಲ್ದಂಗ ಇದ್ರ ಸಾಕಲ್ರಿ?” ಎಂದು ಕೇಳುತ್ತಾರೆ. ಅವರಿಗೊಂದು ಆಸೆ ಇರುವುದು ದಂಡೆಯ ಬಗ್ಗೆ. ನಾಯಿ ಬಿಡಲು ಬರುವವರು ಹಗ್ಗ ಬಿಚ್ಚುವ ಮೊದಲು ಒಂದು ಮಾತು ತನ್ನನ್ನು ಕೇಳಲಿ ಎಂಬುದು.

ಹಳದಿ ನಂಬರ್ ಪ್ಲೇಟಿನ ಪ್ರವಾಸಿ ವಾಹನಗಳು ಬರುವ ಹೊತ್ತಿಗೆ ದಂಡೆ ಗುಡಿಸಿ ಆಗಿರುತ್ತದೆ. ಸೆಲ್ಫಿ ತೆಗೆದುಕೊಳ್ಳುವವರ ಕಾಲ ಬಳಿಯೇ ನಾಯಿಗಳು ಬಿಸಿಲು ಕಾಯಿಸುತ್ತ ಬಿದ್ದಿರುತ್ತವೆ. ಇಲ್ಲಿನ ನಾಯಿಗಳು ಎಷ್ಟು ಸಾಧು ಎಂದು ಯಾರೋ ಹೇಳಿಕೊಂಡು ಹೋಗುತ್ತಾರೆ. ಪೊರಕೆ ತೊಳೆಯುತ್ತಿರುವ ಹೆಂಗಸಿನ ಕಡೆ ಯಾರೂ ನೋಡುವುದಿಲ್ಲ.

ಸಂಜೆ ರೋಸಲಿನ್ ಬಾಯಿಯ ಚಹಾದಂಗಡಿಯ ಬೆಂಚಿನಲ್ಲಿ ಸೋಮವ್ವ ಕುಳಿತಿದ್ದಾರೆ. ಫೋನು ಬಡಿದುಕೊಳ್ಳುತ್ತದೆ. ಆ ಕಡೆಯಿಂದ ವಿಠಲರ ದೊಡ್ಡ ಗಂಟಲು ಬೆಂಚಿನ ಈ ತುದಿಗೂ ಕೇಳುತ್ತದೆ. “ಸೋಮವ್ವ, ಮಗು ಮನೆಗೆ ಬಂದು ಇವತ್ತಿಗೆ ಹನ್ನೊಂದು ದಿನ. ಎಂತದೂ ಆಗಲಿಲ್ಲ ಆಯ್ತಾ.” ಇಷ್ಟು ಹೇಳಿ ಅವರು ಇಟ್ಟುಬಿಡುತ್ತಾರೆ. ದಿನಾ ಇದೇ ಹೊತ್ತಿಗೆ, ಇಷ್ಟೇ ಮಾತು.

ಎಂತ ಸುದ್ದಿ ಎಂದು ರೋಸಲಿನ್ ಬಾಯಿ ಕೇಳುತ್ತಾರೆ. ಸೋಮವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಮಗಳು ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಹೇಳುವ ತಾಯಿಯ ದನಿಯಲ್ಲಿ ಹೇಳುತ್ತಾರೆ:

“ಏನೂ ಆಗಿಲ್ಲಂತ್ರಿ.”