ಹುಳು ಮನೆಯಲ್ಲಿ ಕುಣಿತ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಕಟ್ಟಿದವರು ನನ್ನನ್ನು ಎಲ್ಲೋ ನೋಡಿರಬೇಕು. ನಮ್ಮ ದಿಬ್ಬೂರಹಳ್ಳಿಯಲ್ಲಿ ಡೊಂಕಿಲ್ಲದ ನೆಲವೆಂದರೆ ರತ್ನಮ್ಮನವರ ರೇಷ್ಮೆ ಹುಳು ಮನೆಯದು. ನುಣ್ಣನೆಯ ಸಿಮೆಂಟು, ಬೆಳೆಗೊಮ್ಮೆ ಬ್ಲೀಚಿಂಗ್ ಪುಡಿಯ ಸ್ನಾನ. ಅಲ್ಲೂ ನನ್ನ ಕಾಲು ಏಳಲಿಲ್ಲವೆಂದ ಮೇಲೆ ನೆಲವನ್ನು ದೂರುವ ದಾರಿಯೂ ಮುಚ್ಚಿತು.

ರತ್ನಮ್ಮನವರ ಸೊಸೆ ಪವಿತ್ರ ಚಿಂತಾಮಣಿಯ ಹುಡುಗಿ, ಕುಣಿತದ ಹುಚ್ಚಿನವಳು. ಗೂಡು ಮಾರಿ, ಹುಳು ಮನೆ ತೊಳೆದು, ಮುಂದಿನ ಬೆಳೆಯ ಚಾಕಿ ಹುಳು, ಅಂದರೆ ಎಳೆಯ ಮರಿಗಳು, ಬರುವ ತನಕ ಖಾಲಿ ಬಿದ್ದಿದ್ದ ಆ ಜಾಗಕ್ಕೆ ಸಂಜೆ ಹೊತ್ತು ಬೀದಿಯ ಹೆಂಗಸರನ್ನೆಲ್ಲ ಕರೆದಳು. ಸ್ಟೆಪ್ಪಿಲ್ಲ, ಗುರುವಿಲ್ಲ, ಮೈ ಹೇಳಿದಂತೆ ಕುಣಿಯುವುದು. ಇಷ್ಟೇ ಅವಳ ಶಾಸ್ತ್ರ. ಲೆಕ್ಕಕ್ಕೆ ಸರಿಯುತ್ತರ ಒಂದೇ ಎಂದು ನಿವೃತ್ತಿಯವರೆಗೂ ಮಕ್ಕಳಿಗೆ ಸಾಧಿಸಿದ ಗಣಿತದ ಟೀಚರಾದ ನನಗೆ ಇದನ್ನು ಕೇಳಿಯೇ ದಿಗಿಲು. ದಿನವೂ ತಪ್ಪದೆ ಹೋಗಿ ಗೋಡೆಗೊರಗಿ ನಿಲ್ಲುತ್ತಿದ್ದೆ. ಕುಣಿಯುವ ಆಸೆಯೇನೋ ಬೆಟ್ಟದಷ್ಟಿತ್ತು.

“ಟೀಚರಮ್ಮಾ, ಬನ್ನಿ” ಎಂದು ಪವಿತ್ರ ಎಳೆದರೆ ರತ್ನಮ್ಮ ತಡೆಯುತ್ತಿದ್ದರು: “ಬಿಡಮ್ಮಾ, ಅವ್ರು ಜ್ವರಕ್ಕೆ ಕೂತವ್ರೆ. ತಾವೇ ಎದ್ದೇಳ್ತಾರೆ.”

ರೇಷ್ಮೆ ಹುಳು ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ, ತಲೆಯೆತ್ತಿ ಅಲುಗದೆ ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಕಡೆಗೆ ಹಣ್ಣಾದ ಮೇಲೆ ಅದೇ ಹುಳು ತಲೆಯನ್ನು ಅತ್ತಿತ್ತ ತೂಗಿ ತೂಗಿ ನೂಲು ಬಿಡುತ್ತದೆ. ಅದಕ್ಕೆ ಯಾವ ಗುರು ಸ್ಟೆಪ್ಪು ಕಲಿಸಿದ? ತತ್ತ್ವವೇನೋ ಚೆನ್ನಾಗಿತ್ತು. ಆದರೆ ಸೋಮವಾರ ಚಾಕಿ ಹುಳು ಬರುವುದಿತ್ತು, ಭಾನುವಾರವೇ ಕಡೆಯ ಸಂಜೆ, ನನ್ನ ಜ್ವರ ಮಾತ್ರ ಬಿಟ್ಟಿರಲಿಲ್ಲ.

ಆ ಸಂಜೆ ಏನು ರಂಗು ಅಂತೀರಿ! ನೂಲು ತೆಗೆಯುವ ಕೆಲಸದ ಶಾಹೀನಾ ದುಪಟ್ಟಾ ಸೊಂಟಕ್ಕೆ ಬಿಗಿದು ಬುಗುರಿಯಂತೆ ತಿರುಗುತ್ತಿದ್ದಳು. ನಮ್ಮ ಎದುರು ಮನೆಯವಳು, ಆದರೂ ಇಲ್ಲಿಗೆ ಬರುವ ತನಕ ನಾನು ಅವಳ ಹೆಸರು ಕೇಳಿರಲಿಲ್ಲ. ಹಾಡು ಏರಿತು, ಯಾರೋ ಧಡ್ ಎಂದು ನೆಲಕ್ಕೆ ಕಾಲು ಅಪ್ಪಳಿಸಿದರು. ಕುಣಿಯುತ್ತಿದ್ದ ರತ್ನಮ್ಮ ತಟ್ಟನೆ ಬಾಯಿಗೆ ಬೆರಳಿಟ್ಟರು: “ಮೆಲ್ಲಗಮ್ಮಾ! ಹುಳ ಬೆದರ್ತವೆ!”

ಗೋಡೆಗೊರಗಿದ್ದ ನಾನೂ ಸೇರಿ ಎಲ್ಲರೂ ಗಕ್ಕನೆ ಸ್ತಬ್ಧರಾದೆವು. ಎತ್ತಿದ ಕೈ ಎತ್ತಿದಂತೆಯೇ. ಪವಿತ್ರ ಹಾಡನ್ನೂ ನಿಲ್ಲಿಸಿಬಿಟ್ಟಳು. ಹುಳು ಮನೆಯಲ್ಲಿ ಪಿಸುಮಾತಾಡಿಕೊಂಡೇ ಬೆಳೆದವರು ನಾವು. ಅಲ್ಲಿ ಒಂದು ಹುಳುವೂ ಇಲ್ಲ, ಹುಳು ಸಾಕುವ ತಟ್ಟೆಗಳೆಲ್ಲ ಹೊರಗೆ ಒಣಗುತ್ತಿವೆ ಎಂಬುದು ಯಾರಿಗೂ ಹೊಳೆಯಲಿಲ್ಲ.

“ಯಾವ ಹುಳ ಅಕ್ಕಾ?” ಎಂದಳು ಶಾಹೀನಾ.

ಆಗ ಉಕ್ಕಿತು ನೋಡಿ ನಗು! ರತ್ನಮ್ಮ ನಗುತ್ತ ನನ್ನ ಭುಜಕ್ಕೆ ಬಿದ್ದರು, ನಾನು ಶಾಹೀನಾಳ ಮೇಲೆ. ಪವಿತ್ರ ಮತ್ತೆ ಹಾಡು ಹಾಕಿದಳು. ಎಲ್ಲರೂ ಒಟ್ಟಿಗೆ ಪೆದ್ದರಾದ ಮೇಲೆ ಯಾರ ಮುಂದೆ ನಾಚುವುದು? ನೋಡಿಕೊಂಡರೆ ನಾನು ನಟ್ಟನಡುವೆ ಇದ್ದೇನೆ, ನನ್ನ ಕಾಲು ನನ್ನನ್ನು ಕೇಳದೆ ಕುಣಿಯುತ್ತಿದೆ. ಅಬ್ಬಾ, ಎಂಥ ಸುಖ! ಇಷ್ಟು ವರ್ಷ ಇದನ್ನು ಯಾರಿಗೆ ಬಿಟ್ಟುಕೊಟ್ಟಿದ್ದೆ ಎಂದು ಅಳುವಷ್ಟು ಸಂತೋಷವಾಯಿತು.

“ನಾಳೆಯಿಂದ ನಮ್ಮ ಮಹಡಿ ಮ್ಯಾಲೆ” ಎಂದು ಶಾಹೀನಾ ಹೊರಡುವಾಗಲೇ ಸಾರಿದಳು.

“ಹುಳಕ್ಕೆ ಸೊಪ್ಪು ಹಾಕ್ಬಿಟ್ಟು ನಾನೂ ಬರ್ತೀನಿ ಕಣೇ” ಎಂದರು ರತ್ನಮ್ಮ.

ಮನೆಯಲ್ಲಿ ಯಜಮಾನರು ಟೀವಿಯಿಂದ ಕಣ್ಣು ಕೀಳದೆ, “ಏನ್ ಕಲ್ತೆ? ತೋರ್ಸು ನೋಡಣ” ಎಂದರು. ಯೋಚಿಸಿದೆ. ಒಂದು ಹೆಜ್ಜೆಯೂ ನೆನಪಿಗೆ ಬರಲಿಲ್ಲ.

“ತೋರ್ಸೋಕೆ ಬರಲ್ಲ ಕಣ್ರೀ. ಎದ್ದೇಳಿ” ಎಂದು ಕೈ ಚಾಚಿದೆ.

ರಿಮೋಟು ಹಿಡಿದುಕೊಂಡೇ ಎದ್ದರು.