ಬೀಗರ ಮನೆ ಸೇರಿದ ವೈಸ್

ದೇವದುರ್ಗದ ಮಾರೆಪ್ಪನಿಗೆ ಸಿಟ್ಟು ಬರಲು ದೊಡ್ಡ ಕಾರಣವೇ ಬೇಕಂತಿಲ್ಲ. ಬಸ್ಸು ತಡವಾದರೆ ಸಿಟ್ಟು; ಹೊತ್ತಿಗೆ ಮೊದಲೇ ಬಂದು ಹೋಗಿಬಿಟ್ಟರೆ ಇನ್ನೂ ಹೆಚ್ಚು ಸಿಟ್ಟು. ಆದರೆ ಹೋದ ವರ್ಷ ಐದು ತಿಂಗಳು ಅವನು ಎದೆಯಲ್ಲಿಟ್ಟುಕೊಂಡು ತಿರುಗಿದ ಸಿಟ್ಟು ಅಂಥ ಚಿಲ್ಲರೆ ಸಿಟ್ಟಲ್ಲ. ಅದು ಹದಿನೆಂಟು ಕಿಲೋ ತೂಕದ್ದು, ಬೀಡು ಕಬ್ಬಿಣದ್ದು, ಮತ್ತು ಅದು ಬೀಗರ ಮನೆಯಲ್ಲಿತ್ತು.

ಮಾರೆಪ್ಪ ಇಪ್ಪತ್ತಾರು ವರ್ಷ ರಾಯಚೂರಿನ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವ ಕೆಲಸ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಮತ್ತೆ ಶನಿವಾರ ಸಂಜೆಯೇ ಮನೆ. ಅಷ್ಟೂ ವರ್ಷ, ಕೆಲಸ ಬಿಡುವ ಹೊತ್ತಿಗೆ ಮಾಲೀಕ ಸಾಮಾನು ನೋಡಿ ನೋಡಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. ನಟ್ಟು ತಿರುವುವ ಒಂದು ಪಾನಾ ಕಾಣದಿದ್ದರೆ ಎಲ್ಲರ ಕಿಸೆ ಮುಟ್ಟಿ ನೋಡುವುದು. ಮಾರೆಪ್ಪನ ಕಿಸೆಯನ್ನೂ! ಬೆನ್ನು ಹಿಡಿದುಕೊಂಡು ಇನ್ನು ಆಗುವುದಿಲ್ಲ ಎಂದು ಕೆಲಸ ಬಿಟ್ಟ ದಿನ ಅವನು ಕೇಳಿದ್ದು ಒಂದೇ, ಕಬ್ಬಿಣ ಉಜ್ಜುವ ಒಂದು ಹಳೇ ಅರ. ಅದರ ಹಿಡಿಕೆ ಅವನ ಅಂಗೈಗೆ ತಕ್ಕ ಹಾಗೆ ಸವೆದು ಹೋಗಿತ್ತು, ಬೇರೆ ಯಾರ ಕೈಗೂ ಸರಿಹೊಂದುತ್ತಿರಲಿಲ್ಲ. ಮಾಲೀಕ ತಲೆ ಎತ್ತದೆ, "ಅದು ಅಂಗಡಿ ಸಾಮಾನು ಮಾರೆಪ್ಪ" ಅಂದ. ಥೂ, ಇದೂ ಒಂದು ಬಾಳೇವೇನು!

ಅವತ್ತೇ ಬಸ್ಸಿನಲ್ಲಿ ಕೂತು ಆಣೆ ಮಾಡಿಕೊಂಡ. ಇನ್ನು ಮುಂದೆ ಹಿಡಿಯುವ ಸುತ್ತಿಗೆ ತನ್ನದೇ ಆಗಬೇಕು. ಸತ್ತರೂ ಇನ್ನೊಬ್ಬರ ಸಾಮಾನು ಮುಟ್ಟುವುದಿಲ್ಲ.

ಮನೆ ಮುಂದೆ ಒಂದು ತಗಡಿನ ಶೆಡ್ ಇತ್ತು. ಅವನ ತಮ್ಮ ತನ್ನ ಟಂಟಂ ಆಟೋ ನಿಲ್ಲಿಸಲು ಹಾಕಿದ್ದು. ಆ ತಮ್ಮ ಟಂಟಂ ಮಾರಿ ತನ್ನ ಹೆಂಡತಿಯ ಊರಿಗೆ ಹೋದ ಮೇಲೆ ಶೆಡ್ಡಿನಲ್ಲಿ ಮಾರೆಪ್ಪನ ಹೆಂಡತಿ ಅಮರಮ್ಮನ ಸಗಣಿ ಕುಳ್ಳು, ಕಟ್ಟಿಗೆ, ಎರಡು ಕೋಳಿ. ಮಾರೆಪ್ಪ ಮೊದಲು ಕೋಳಿ ಹೊರಗೆ ಹಾಕಿದ. ಅದಕ್ಕೇ ಗಂಡ ಹೆಂಡತಿ ನಡುವೆ ಮೂರು ದಿನ ಮಾತಿಲ್ಲ.

"ಕೆಲಸ ಇಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತ. ಹಂಗಾತು ನಿಂದು" ಅಂದಳು ನಾಲ್ಕನೇ ದಿನ.

ಆದರೆ ಅವನು ಕೈಯಲ್ಲಿದ್ದ ಅಷ್ಟಿಷ್ಟರಲ್ಲೇ ಆ ಶೆಡ್ಡನ್ನು ಮಾಡಿದ ರೀತಿ ನೋಡಿದ್ದರೆ ಎಂಥವರೂ ಭಲೇ ಅನ್ನಬೇಕು. ಮುರಿದ ಟ್ರೇಲರಿನ ಹಲಗೆ ತಂದು ಮೇಜು ಮಾಡಿದ; ಅದಕ್ಕೆ ಕಾಲು ಹಳೇ ಮಂಚದ್ದು. ಕೆಟ್ಟ ಕೂಲರಿನ ಮೋಟಾರಿಗೆ ಸಾಣೆಕಲ್ಲು ಕಟ್ಟಿ ಗ್ರೈಂಡರ್ ಮಾಡಿದ. ನಟ್ಟು ಬೋಲ್ಟಿಗೆ ಉಪ್ಪಿನಕಾಯಿ ಡಬ್ಬಿ. ಗೋಡೆಗೆ ಒಂದು ಪ್ಲೈವುಡ್ ಹೊಡೆದು, ಮೊಳೆ ಬಡಿದು, ಪ್ರತಿ ಪಾನಾದ ಸುತ್ತ ಸುಣ್ಣದಲ್ಲಿ ಅದರ ಆಕಾರ ಬರೆದ. ಯಾವುದು ಕಾಣೆಯಾದರೂ ಗೋಡೆಯೇ ಹೇಳಬೇಕು, ಯಾರ ಕಿಸೆಯನ್ನೂ ಮುಟ್ಟಬೇಕಿಲ್ಲ. ಇದಕ್ಕೆಲ್ಲ ಅವನು ರಾಯಚೂರಿನ ಖಾಜಾಮಿಯಾನ ಗುಜರಿ ಅಂಗಡಿಗೆ ಹತ್ತು ಹನ್ನೆರಡು ಸಲ ಹೋಗಿ ಬಂದ. ಗುಜರಿಯಲ್ಲಿ ಮಧ್ಯಾಹ್ನದವರೆಗೆ ಕೆದಕುವುದು, ಬೇಕಾದ್ದು ಸಿಕ್ಕರೆ ಚೀಲಕ್ಕೆ ಹಾಕಿಕೊಂಡು ಮೊದಲು ಸಿಕ್ಕ ಬಸ್ಸಿಗೆ ದೇವದುರ್ಗ.

ವೈಸ್ ಸಿಕ್ಕಿದ್ದೂ ಅಲ್ಲೇ. ಯಾವುದೋ ಮುಚ್ಚಿದ ಹತ್ತಿ ಜಿನ್ನಿಂಗ್ ಮಿಲ್ಲಿನದು. ಕಬ್ಬಿಣವನ್ನು ಅಲುಗಾಡದಂತೆ ಕಚ್ಚಿ ಹಿಡಿಯುವ ಎರಡು ದವಡೆ, ನಡುವೆ ತಿರುಪು. ಫಿಟ್ಟರನಿಗೆ ವೈಸ್ ಅಂದರೆ ಮೂರನೆಯ ಕೈ. ಅದಿಲ್ಲದಿದ್ದರೆ ಉಳಿದ ಎರಡು ಕೈ ಇದ್ದೂ ಇಲ್ಲದ ಹಾಗೆ. ತುಕ್ಕು ಹಿಡಿದು ಬಾಯಿ ಕಟ್ಟಿ ಹೋಗಿತ್ತು. "ಇದು ಇನ್ನ ಬಾಯಿ ತೆಗಿಯಂಗಿಲ್ಲ ಮಾರೆಪ್ಪಣ್ಣ, ತೂಕಕ್ಕ ಒಯ್ಯಿ" ಅಂದ ಖಾಜಾಮಿಯಾ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೇಟು ಹರಿದ. "ತೊಡಿ ಮ್ಯಾಲ ಇಟ್ಕೊಂಡೀನಿ, ನಿಮ್ಮ ಬಸ್ಸಿಗೇನು ಭಾರ ಆತು?" ಎಂದು ಮಾರೆಪ್ಪ ನಡುದಾರಿಯ ಗಬ್ಬೂರಿನವರೆಗೂ ಜಗಳ ಆಡಿದ. ಮನೆಗೆ ತಂದು ನಾಲ್ಕು ದಿನ ಸೀಮೆಎಣ್ಣೆಯಲ್ಲಿ ನೆನೆ ಹಾಕಿ, ಉಜ್ಜಿ, ಗ್ರೀಸ್ ತುಂಬಿದ ಮೇಲೆ ಅದರ ತಿರುಪು ಒಂದು ಬೆರಳಿಗೆ ತಿರುಗತೊಡಗಿತು. ಅವತ್ತು ಅಮರಮ್ಮನನ್ನು ಕರೆದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿಸಿದ. ಮುಂದಿನ ಸೋಮವಾರ ಕೆಲಸ ಶುರು ಎಂದು ಓಣಿಗೆಲ್ಲ ಹೇಳಿ ಬಂದ.

ಅದರ ಹಿಂದಿನ ದಿನ ಬೀಗರು ಬಂದರು.

ಬೀಗರೆಂದರೆ ಹುಲಗಪ್ಪ, ಮಾನ್ವಿ ತಾಲೂಕಿನ ಕಲ್ಲೂರಿನ ರೈತ. ಮಾರೆಪ್ಪನ ಒಬ್ಬಳೇ ಮಗಳು ಸವಿತಾಳನ್ನು ಮೂರು ವರ್ಷದ ಹಿಂದೆ ಅವರ ಮಗ ಉಮೇಶನಿಗೆ ಕೊಟ್ಟಿತ್ತು. ಆಡು ಕೊಳ್ಳಲು ಬಂದಿದ್ದರಂತೆ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಶೆಡ್ಡಿಗೆ ಬಂದು ವೈಸಿನ ಬೆನ್ನು ತಟ್ಟಿದರು.

"ಬೀಗರ, ಆನೀ ಇದ್ದಂಗ ಅದಲ್ರಿ ಇದು! ನಮ್ಮ ಬಿತ್ತೋ ಕೂರಿಗಿ ರಿಪೇರಿ ಅದ. ಎಂಟು ದಿನ ಒಯ್ತೀನ್ರಿ, ಕೆಲಸ ಆದಕೂಡ್ಲೆ ಮುಟ್ಟಸ್ತೀನಿ."

ಹೆಣ್ಣು ಕೊಟ್ಟವನ ಬಾಯಲ್ಲಿ ಇಲ್ಲ ಅನ್ನುವ ಮಾತು ಬರುತ್ತದೆಯೇ? ಬರುವುದಿಲ್ಲ. ಮಗಳು ಅವರ ಮನೆಯಲ್ಲಿ ಅನ್ನ ಉಣ್ಣುತ್ತಾಳೆ. ಮಾರೆಪ್ಪ ತಾನೇ ಬೋಲ್ಟು ಬಿಚ್ಚಿ, ತಾನೇ ಗೋಣಿಚೀಲದಲ್ಲಿ ಸುತ್ತಿ, ತಾನೇ ಬಸ್ ಸ್ಟ್ಯಾಂಡಿನವರೆಗೆ ಹೊತ್ತು, "ಅದಕ್ಕೇನ್ರಿ ಬೀಗರ, ನಿಮ್ಮದ ಅಂತ ತಿಳ್ಕೋರಿ" ಎಂದು ನಕ್ಕು ಕಳಿಸಿದ. ಮನೆಗೆ ಬಂದವನೇ ಬಾಗಿಲಿಗೆ ಒದ್ದ.

ಸೋಮವಾರ ಮೊದಲ ಗಿರಾಕಿ ಬಂದಳು, ಕಾಯಿಪಲ್ಲೆ ಮಾರುವ ಬಸವಂತಮ್ಮ. ಅವಳ ತಳ್ಳುಗಾಡಿಯ ಅಚ್ಚು ಬಾಗಿತ್ತು. ಹಿಡಿದುಕೊಳ್ಳಲು ವೈಸ್ ಇಲ್ಲ. ಮಾರೆಪ್ಪ ಕಾಲಲ್ಲಿ ಒತ್ತಿ ಹಿಡಿದು ಬಡಿದ. ಅಚ್ಚು ಜಾರಿ ಮೊಣಕಾಲಿಗೆ ಬಡಿಯಿತು, ಇನ್ನೂ ಸೊಟ್ಟಗಾಯಿತು. "ಇರ್ಲಿ ಬಿಡಪಾ, ಬಸ್ ಸ್ಟ್ಯಾಂಡ್ ಕಡೆ ಮಾಡಸ್ತೀನಿ" ಎಂದು ಅವಳು ಎತ್ತಿಕೊಂಡು ಹೋದಳು. ಬೋಣಿಗೆಯೇ ವಾಪಸು! ಇಡೀ ಓಣಿ ನೋಡುತ್ತಿತ್ತು.

ಎಂಟು ದಿನ ಹೋಗಿ ತಿಂಗಳಾಯಿತು. ಮಾರೆಪ್ಪ ಫೋನು ಹಚ್ಚಿದ.

"ಬೆಳಿ ಹ್ಯಾಂಗದಾವ್ರಿ ಬೀಗರ?"

"ಬೇಷ್ ಅದಾವ್ರಿ."

"ಕೂರಿಗಿ ರಿಪೇರಿ ಆತೇನ್ರಿ?"

"ಆತ್ರಿ, ಆತ್ರಿ. ನಿಮ್ಮ ಸಾಮಾನ ಒಂದು ಕಳಸೋದದ."

"ಅಯ್ಯ, ಅದಕ್ಕೇನು ಅವಸರ್ರಿ! ಇರ್ಲಿ ಬಿಡ್ರಿ" ಅಂದುಬಿಟ್ಟ ಮಾರೆಪ್ಪ.

ಫೋನು ಇಟ್ಟು ಹೆಂಡತಿಯ ಮೇಲೆ ಹರಿಹಾಯ್ದ. "ನೋಡಿದೇನು? ಕಳಸೋದದ ಅಂತಾನ! ಕಳಸಾಕ ಏನು ರೋಗ? ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ!"

"ಅವಸರಿಲ್ಲ ಅಂದಾಂವ ನೀನ ಅಲ್ಲೇನು?" ಅಂದಳು ಅಮರಮ್ಮ.

"ಅನ್ನಬೇಕಾಗ್ತದ, ಅಂದೆ. ಕೇಳಾಂವಗ ತಿಳಿಬಾರದೇನು?"

ನಾಲ್ಕನೇ ತಿಂಗಳಲ್ಲಿ ಒಂದು ದಿನ ಅಮರಮ್ಮ ಫೋನು ಬಂತೆಂದು ಅವಸರದಲ್ಲಿ ಸೀರೆ ಗಂಟು ಕಟ್ಟಿಕೊಂಡು ಕಲ್ಲೂರಿಗೆ ಹೋದಳು. ಗ್ರೈಂಡರ್ ಸದ್ದಿನಲ್ಲಿ ಅವಳೇನು ಹೇಳಿದಳೋ, ಇವನು ಹೂಂ ಅಂದ. ಹೋಟೆಲಿನಲ್ಲಿ ಉಂಡುಕೊಂಡು, ಬರುವಾಗ ವೈಸ್ ತರುತ್ತಾಳೆಂದು ಐದು ದಿನ ಕಾದ. ಅವಳು ಬರಿಗೈಲಿ ಬಂದಳು. ಮುಖ ಬಾಡಿತ್ತು.

"ಸವಿತಾ..." ಎಂದು ಶುರು ಮಾಡಿದಳು.

"ಅದೆಲ್ಲ ಆಮ್ಯಾಲ. ವೈಸ್ ಎಲ್ಲಿ?"

ಅಮರಮ್ಮ ಸೀರೆ ಗಂಟು ಕೆಳಗೆ ಹಾಕಿದಳು. "ನಾ ಏನೂ ಹೇಳಂಗಿಲ್ಲ. ನೀನ ಹೋಗಿ ನೋಡ್ಕೊಂಡ ಬಾ" ಎಂದು ಒಳಗೆ ಹೋದಳು. ಆಮೇಲೆ ಎಷ್ಟು ದಿನ ಕೆಣಕಿದರೂ ಅದೇ ಮಾತು. ಹೆಂಡತಿಯೂ ಬೀಗರ ಪಕ್ಷ ಸೇರಿದಳು ಎಂದುಕೊಂಡ ಮಾರೆಪ್ಪ.

ಐದನೇ ತಿಂಗಳಿಗೆ ತಡೆಯಲಾಗಲಿಲ್ಲ. ಬಿಳಿ ಅಂಗಿ ಹಾಕಿ, ರುಮಾಲು ಸುತ್ತಿ, ಖಾಲಿ ಗೋಣಿಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಹೊರಟ. ದೇವದುರ್ಗದಿಂದ ರಾಯಚೂರು, ಅಲ್ಲಿಂದ ಮಾನ್ವಿ ಬಸ್ಸು, ನಡುವೆ ಕಲ್ಲೂರು. ದಾರಿಯುದ್ದಕ್ಕೂ ಮಾತು ಮಸೆದುಕೊಂಡ. ಸಾಕಿನ್ನು ಈ ಮರ್ಯಾದೆ! ಸಾಮಾನು ಬೆವರು ಸುರಿಸಿ ತಂದದ್ದು. ಬೀಗ ಆದರೇನು, ದೇವರಾದರೇನು, ಕೇಳಿಯೇ ಬಿಡುವುದು.

ಹುಲಗಪ್ಪ ಮನೆ ಮುಂದಿನ ಕಟ್ಟೆಯ ಮೇಲೆ ಇಬ್ಬರು ಊರ ಹಿರಿಯರ ಜತೆ ಕೂತಿದ್ದರು. ಕಂಡ ಕೂಡಲೇ ಎದ್ದು ನಿಂತರು. "ಬರ್ರಿ ಬೀಗರ, ಬರ್ರಿ! ಅಂತೂ ಹಾದಿ ನೆನಪಾತಲ್ಲ!" ಕಂಬಳಿ ಹಾಸಿದರು. ಮಾರೆಪ್ಪ ಕೂತ, ಆದರೆ ಕಣ್ಣು ಅಂಗಳದ ತುಂಬ ತಿರುಗುತ್ತಿತ್ತು. ಮೂಲೆಯಲ್ಲಿ ಮೆಣಸಿನಕಾಯಿ ರಾಶಿಗೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದರು. ಅದು ಗಾಳಿಗೆ ಹಾರದಂತೆ ತುದಿಗೆ ಭಾರ ಇಟ್ಟಿದ್ದರು. ಆ ಭಾರ ಅವನ ವೈಸ್! ಮೈಯೆಲ್ಲ ಉರಿದು ಹೋಯಿತು.

ಅಷ್ಟರಲ್ಲಿ ಸವಿತಾ ನೀರು ತಂದಳು. ಸೆರಗು ಮೈತುಂಬ ಹೊದ್ದಿದ್ದಳು. ತಂಬಿಗೆ ಮುಂದೆ ಚಾಚಿದಳು, ಎಡಗೈಯಲ್ಲಿ.

ಎಡಗೈಯಲ್ಲಿ! ಮನೆಗೆ ಬಂದ ಭಿಕ್ಷುಕನಿಗೂ ಎಡಗೈಯಲ್ಲಿ ನೀರು ಕೊಡುವುದಿಲ್ಲ ನಮ್ಮ ಸೀಮೆಯಲ್ಲಿ. ಹೆತ್ತ ಅಪ್ಪನಿಗೆ, ನಾಲ್ಕು ಜನರ ಮುಂದೆ! ಐದು ತಿಂಗಳ ಸಿಟ್ಟು ಅಲ್ಲಿಗೆ ಒಡೆಯಿತು.

"ಇದನ್ನೂ ಕಲಿಸ್ಯಾರೇನು ಈ ಮನ್ಯಾಗ? ಅಪ್ಪಗ ಎಡಗೈಲೆ ನೀರು ಕೊಡೋದು!" ಮಾರೆಪ್ಪ ಎದ್ದು ನಿಂತಿದ್ದ. "ನಂದ ತಪ್ಪು. ಎಂಟು ದಿನ ಅಂತ ಒಯ್ದು ಐದು ತಿಂಗಳಾತು. ಬೀಗರಂತ ಸುಮ್ಮನಿದ್ದೆ. ಊರ ಮುಂದ ನನ್ನ ಬೋಣಿಗಿ ವಾಪಸ ಹೋತು. ಇಲ್ಲಿ ನೋಡಿದ್ರ ನನ್ನ ಅನ್ನದ ಸಾಮಾನ ಮೆಣಸಿನಕಾಯಿಗಿ ಕಲ್ಲಾಗ್ಯಾದ! ನನ್ನ ಮಗಳಿಗಿ ಮರ್ಯಾದಿ ಮರಸೀರಿ! ಕೊಡ್ರಿ ನನ್ನ ವೈಸ್, ಇಲ್ಲಿ ನೀರೂ ಬ್ಯಾಡ ನಿಮ್ದು!"

ಹುಲಗಪ್ಪ ಸೊಸೆಯ ಕೈಯಿಂದ ತಂಬಿಗೆ ತಾವೇ ಇಸಿದುಕೊಂಡು ಕಟ್ಟೆಯ ಮೇಲಿಟ್ಟರು.

"ಬೀಗರ, ಆ ಹುಡುಗಿ ಬಲಗೈ ನೋಡ್ರಿ ಮೊದಲು."

ಸವಿತಾ ಸೆರಗು ಸರಿಸಿದಳು. ಮೊಣಕೈಯಿಂದ ಬೆರಳ ತುದಿಯವರೆಗೂ ಬಿಳಿ ಪಟ್ಟಿ. ಬೆರಳುಗಳು ಮಡಚಿಕೊಂಡು ಹಾಗೇ ನಿಂತಿದ್ದವು.

"ಕುದಿಯೋ ಗಂಜಿ ಗಡಿಗಿ ಕೈ ಮ್ಯಾಲ ಮಗಚಿತ್ರಿ. ತಿಂಗಳ ಮ್ಯಾಲಾತು. ಐದು ಸಲ ರಾಯಚೂರು ದವಾಖಾನಿಗಿ ಒಯ್ದೀನಿ. ನಿಮ್ಮ ಮನ್ಯಾಕಿ ಬಂದು ನೋಡ್ಕೊಂಡು ಹೋದಳು. ನಿಮಗ ಗೊತ್ತಿಲ್ಲೇನು?"

ಮಾರೆಪ್ಪ ಏನಾದರೂ ಹೇಳಬೇಕಿತ್ತು. ಸಿಟ್ಟಿನವನಿಗೆ ಸಿಟ್ಟು ಬಿಟ್ಟರೆ ಬೇರೆ ಮಾತು ಎಲ್ಲಿಂದ ಬರಬೇಕು? "ಮತ್ತ... ವೈಸ್ ಕಳಸ್ಬೇಕಿತ್ತಲ್ರಿ" ಅಂದ. ಅಂದ ಮೇಲೆ ಅವನಿಗೇ ನಾಚಿಕೆಯಾಯಿತು.

"ಅವಸರಿಲ್ಲ ಅಂದಿದ್ರಿ ನೀವು. ಆದ್ರೂ ಈ ತಿಂಗಳಾಗ ಎರಡು ಸಲ ಬಸ್ಸಿಗೆ ಹಾಕಾಕ ಹೊಂಟಿದ್ದೆ..." ಎಂದು ಹುಲಗಪ್ಪ ಸೊಸೆಯ ಕಡೆ ನೋಡಿದರು.

"ಮಾವನ ಮ್ಯಾಲ ಒದರಬ್ಯಾಡ ಯಪ್ಪಾ" ಅಂದಳು ಸವಿತಾ. ಅಪ್ಪನ ಸಿಟ್ಟೇ ಅವಳಿಗೂ ಬಂದಿತ್ತು. "ನಾನ ಕಳಸಬ್ಯಾಡ್ರಿ ಅಂದೀನಿ. ಲಗ್ನ ಆಗಿ ಮೂರು ವರ್ಷ. ಹಳೇ ಕಬ್ಬಿಣಕ್ಕ ಎಷ್ಟು ಸಲ ರಾಯಚೂರಿಗಿ ಬಂದಿ ನೀನು? ಅಲ್ಲಿಂದ ಇಲ್ಲಿಗಿ ಒಂದು ತಾಸಿನ ಹಾದಿ. ಒಂದ್ ಸಲರ ಈ ಬಾಗಲ ತುಳಿದೇನು? ಕೈ ಸುಟ್ಟಾಗ ಅವ್ವ ಒಬ್ಬಾಕಿನ ಬಂದಳು. ಇವತ್ತು ಬರ್ತಾನ, ನಾಳೆ ಬರ್ತಾನ ಅಂತ ಈ ಕಟ್ಟಿ ಮ್ಯಾಲ ಕುಂತು ಕಾದೆ. ಬರಲಿಲ್ಲ. ಆಗ ಅಂದೆ ಮಾವಗ, ಅದು ಇಲ್ಲೇ ಇರ್ಲಿ, ನನ್ನ ಸಲುವಾಗಿ ಬರದಿದ್ರ ಅದರ ಸಲುವಾಗಿರ ನಮ್ಮಪ್ಪ ಬರ್ತಾನ ಅಂತ."

ಅವಳು ಹೋಗಿ ಎಡಗೈಯಿಂದಲೇ ವೈಸನ್ನು ತಾಡಪತ್ರಿಯಿಂದ ಈಚೆ ಎಳೆದಳು. ಅದು ನೆಲ ಕೆರೆಯುತ್ತ ಬಂತು. ತಾಡಪತ್ರಿಯ ತುದಿ ಗಾಳಿಗೆ ಪಟಪಟ ಬಡಿಯತೊಡಗಿತು.

"ಬಂದಿ ನೋಡು. ಎತ್ಕೊಂಡು ಹೋಗು. ಇನ್ನ ನಿಂದು ಅಂಬೋದು ಈ ಮನ್ಯಾಗ ಏನೂ ಇಲ್ಲ."

ಮಾರೆಪ್ಪ ಸುತ್ತಲೂ ನೋಡಿದ, ಸಿಟ್ಟು ಮಾಡಲು ಯಾರಾದರೂ ಸಿಗುತ್ತಾರೇನೋ ಎಂಬಂತೆ. ಹುಲಗಪ್ಪ ತಲೆ ತಗ್ಗಿಸಿದ್ದರು. ಹಿರಿಯರು ಬೇರೆ ಕಡೆ ನೋಡುತ್ತಿದ್ದರು. ಗೋಣಿಚೀಲ ಬಗಲಿನಿಂದ ಜಾರಿ ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಅವನು ವೈಸ್ ದಾಟಿ ಮಗಳ ಹತ್ತಿರ ಹೋದ.

"ಕೈ ತೋರ್ಸು ಯವ್ವಾ" ಅಂದ.

ಸವಿತಾ ಸೆರಗು ಎಳೆದುಕೊಂಡು ಕೈ ಮುಚ್ಚಿ ಒಳಗೆ ಹೋದಳು.